ಕೊಳವೆಯ ತಳದ ಬಿಳುಪು

ಹೂವಿನ ಅಂಗಡಿಯ ಹಿಂದಿನ ಥಂಡಿ ಕೋಣೆಯಲ್ಲಿ ಕುಳಿತು ಗೊಂಚಲು ಕಟ್ಟುವುದು ಅವಳ ಕೆಲಸ. ಮಧ್ಯಾಹ್ನದ ಹೊತ್ತಿಗೆ ಕಾಲ ಮೇಲೆ ನೇರಳೆ ಚುಕ್ಕೆಗಳು ಏಳುತ್ತಿದ್ದವು, ಬೆರಳ ಗೆಣ್ಣುಗಳು ಹಿಡಿದುಕೊಳ್ಳುತ್ತಿದ್ದವು. ರಕ್ತಪರೀಕ್ಷೆಯಲ್ಲಿ ಸಂಧಿವಾತದ ಗುರುತು ಸಿಕ್ಕಿತೆಂದು ವರ್ಷವಿಡೀ ಅದಕ್ಕೇ ಮಾತ್ರೆ ನುಂಗಿದ್ದಳು. ನೋವು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಹೊಸ ಡಾಕ್ಟರ ಬಳಿಗೆ ಅವಳನ್ನು ಎಳೆದುಕೊಂಡು ಹೋದವಳು ನಾದಿನಿ. ಬಟ್ಟೆ ಹೊಲಿದು ಬದುಕುವ ಅವಳಿಗೆ ಬಾಯಿ ಮುಚ್ಚಿ ಕೂರುವುದು ಗೊತ್ತಿರಲಿಲ್ಲ.

"ರಜಾ ದಿನ ಅತ್ತಿಗೆ ಆರಾಮಾಗಿರ್ತಾರೆ ಡಾಕ್ಟ್ರೇ. ಕೆಲಸಕ್ಕೆ ಹೋದ್ರೆ ಮತ್ತೆ ಶುರು. ನಮ್ಮಣ್ಣ ಇದನ್ನ ಸೋಮಾರಿತನ ಅಂತಾನೆ."

"ಕೆಲಸದ ಜಾಗ ತಣ್ಣಗಿರುತ್ತಾ?" ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು.

"ಹೂವು ಬಾಡಬಾರದಲ್ಲ, ಅದಕ್ಕೆ," ಎಂದಳು ಅತ್ತಿಗೆ.

ಅಂದೇ ರಕ್ತ ತೆಗೆದರು. ಲ್ಯಾಬು ರಸ್ತೆಯಾಚೆ ಇತ್ತು. ದಾರಿಯಲ್ಲಿ ತಣ್ಣಗಾಗಬಾರದೆಂದು ಕೊಳವೆಯನ್ನು ಬೆಚ್ಚಗಿನ ನೀರಿದ್ದ ಫ್ಲಾಸ್ಕಿಗಿಳಿಸಿ ನಾದಿನಿಯ ಕೈಗೆ ಕೊಟ್ಟರು.

"ಇನ್ಮೇಲೆ ಯಾರ ಮನೇಲೂ ಫ್ಲಾಸ್ಕಿನ ಕಾಫಿ ಕುಡಿಯಲ್ಲಪ್ಪ ನಾನು," ಎನ್ನುತ್ತಾ ಅವಳು ರಸ್ತೆ ದಾಟಿದಳು.

ಕೆಲವು ದಿನ ಬಿಟ್ಟು ಹೋದಾಗ ಲ್ಯಾಬಿನಾಕೆ, ರಕ್ತದ ತಿಳಿಯನ್ನು ಬೇರ್ಪಡಿಸಿ ಫ್ರಿಜ್ಜಿನಲ್ಲಿಟ್ಟಿದ್ದ ಕೊಳವೆಯನ್ನು ತೆಗೆದು ತೋರಿಸಿದಳು. ಮೇಲೆ ಹಳದಿ ತಿಳಿ, ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟಾಗ ಬಿಳುಪು ಕರಗಿ ಮಾಯವಾಯಿತು.

"ಇದು ನನ್ನ ರಕ್ತದ್ದೇನಾ?" ಅವಳು ಬಗ್ಗಿ ನೋಡಿದಳು. "ತಿರುಗಿ ತಣ್ಣಗೆ ಮಾಡಿದ್ರೆ?"

"ತಿರುಗಿ ಬರುತ್ತೆ."

ನೋವು ಮರೆತು ಅವಳು ಅಲ್ಲೇ ನಿಂತುಬಿಟ್ಟಳು. ನಾದಿನಿಯೇ ಸೆರಗು ಜಗ್ಗಬೇಕಾಯಿತು.

ಮುಂದಿನ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪತ್ತೆಯಾಯಿತು. ಡಾಕ್ಟರು ಬಿಡಿಸಿ ಹೇಳಿದರು: "ನಿಮ್ಮ ಲಿವರಿನಲ್ಲಿ ಒಂದು ವೈರಸ್ ಇದೆ. ಅದನ್ನ ಹೊಡೆಯೋಕೆ ದೇಹ ಪ್ರತಿಕಾಯ ಮಾಡುತ್ತೆ. ವೈರಸ್ ವರ್ಷಗಟ್ಟಲೆ ಜಾಗ ಬಿಡದೇ ಇದ್ರೆ, ಕೆಲವರಲ್ಲಿ ಆ ಪ್ರತಿಕಾಯದ ಮೇಲೇ ಇನ್ನೊಂದು ಪ್ರತಿಕಾಯ ಹುಟ್ಟುತ್ತೆ. ಎರಡೂ ಅಂಟಿಕೊಂಡು, ಥಂಡಿಗೆ ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಮೊದಲಿನ ಪರೀಕ್ಷೇಲಿ ಸಂಧಿವಾತ ಅಂತ ಕಂಡದ್ದೂ ಇದೇ."

"ಅಂದ್ರೆ ಪೊಲೀಸ್ರನ್ನ ಹಿಡಿಯೋಕೆ ಪೊಲೀಸ್ರು," ಎಂದಳು ನಾದಿನಿ. ಡಾಕ್ಟರು ನಕ್ಕರು.

ಅವಳಿಗೆ ನಗು ಬರಲಿಲ್ಲ. "ಮನೆಯವರಿಗೆ, ಮಗಳಿಗೆ ಅಂಟಿರುತ್ತಾ?"

ಮಗಳು ಹುಟ್ಟಿದ ಮೇಲೆ ರಕ್ತಸ್ರಾವವಾಗಿ ಅವಳಿಗೆ ರಕ್ತ ಏರಿಸಿದ್ದರು. ಬಹುಶಃ ಆಗಲೇ ಬಂದಿರಬೇಕು ಎಂದರು ಡಾಕ್ಟರು. ಆದರೂ ಇಬ್ಬರನ್ನೂ ಪರೀಕ್ಷಿಸಿದರು. ಇಬ್ಬರಿಗೂ ಏನೂ ಇರಲಿಲ್ಲ. ಗಂಡ ಸೋಮಾರಿತನದ ಮಾತೆತ್ತಲಿಲ್ಲ. ಮರುದಿನ ಉಣ್ಣೆಯ ಕಾಲುಚೀಲ ತಂದು ಅವಳ ಪಕ್ಕದಲ್ಲಿಟ್ಟು ಹೊರಟುಹೋದ.

ಅಂಗಡಿಯವನು ಅವಳನ್ನು ಮುಂದಿನ ಕೌಂಟರಿಗೆ ಹಾಕಿದ. ಕೆಲವು ತಿಂಗಳು ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ವೈರಸ್ ಸಿಗಲಿಲ್ಲ. ಚುಕ್ಕೆಗಳು ಮಾಸಿದವು, ಬೆರಳುಗಳು ಸಲೀಸಾಗಿ ಮಡಚತೊಡಗಿದವು. ಆದರೆ ಥಂಡಿಗೆ ಗಟ್ಟಿಯಾಗುವ ಆ ಪ್ರತಿಕಾಯ ಮಾತ್ರ ಚೂರು ಉಳಿದಿತ್ತು.

"ವೈರಸ್ಸೇ ಹೋದ್ಮೇಲೆ ಇದಕ್ಕಿನ್ನೇನು ಕೆಲಸ?"

"ಕೆಲವರಲ್ಲಿ ನಿಧಾನಕ್ಕೆ ಹೋಗುತ್ತೆ, ಕೆಲವರಲ್ಲಿ ಉಳಿದೇಬಿಡುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆಗಾಗ ಬಂದು ತೋರಿಸ್ಕೊಳ್ಳಿ."

"ಬರ್ತೀನಿ," ಎಂದಳು ಅವಳು. "ಗೊತ್ತಾದ ದಿನ ನನಗೂ ಹೇಳಿ."