ನಡುವಿನ ತುಂಡು

ಮೀನು ಹಿಡಿಯುವುದು ಗಂಡಸರ ಕೆಲಸ, ಹಸನು ಮಾಡುವುದು ಹೆಂಗಸರ ಕೆಲಸ ಎಂದು ಯಾವ ಪುಣ್ಯಾತ್ಮ ಹೇಳಿಟ್ಟನೋ, ಕೈಗೆ ಸಿಕ್ಕರೆ ಅವನ ಮುಂದೆ ಒಂದು ಬುಟ್ಟಿ ಹಸಿ ಮೀನು ಸುರಿದು ಬರುತ್ತೇನೆ. ನಾನು ಹೊಳೆಆಲೂರಿಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಹೊಲದಲ್ಲಿ ಕೂಲಿ ಇಲ್ಲದ ದಿನ ನಮ್ಮ ಮನೆಯವರು ಗಾಳ ಹಿಡಿದು ಹೊಳೆಗೆ ಹೋಗುತ್ತಾರೆ. ಮೀನು ತಂದು ಹಿತ್ತಿಲ ಕಲ್ಲಿನ ಮೇಲೆ ಒಗೆಯುತ್ತಾರೆ, ಫೋಟೋ ತೆಗೆದು ಸ್ಟೇಟಸ್ ಇಡುತ್ತಾರೆ, ಜಳಕಕ್ಕೆ ಹೋಗುತ್ತಾರೆ. ಕೆರೆಯುವುದು, ಸೀಳುವುದು, ಒಲೆ ಊದುವುದು ಎಲ್ಲ ನನ್ನ ಪಾಲು.

ಅದೂ ಇರಲಿ. ಆ ಸ್ಟೇಟಸ್ ನೋಡಿ ತೋಟಪ್ಪ ಬರುತ್ತಾನಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೆ. ಇವರ ಬಾಲ್ಯದ ಗೆಳೆಯ. ಅವನ ಹೆಂಡತಿಗೆ ಮೀನಿನ ವಾಸನೆ ಆಗುವುದಿಲ್ಲವಂತೆ, ಅದಕ್ಕೆ ಡಬ್ಬಿ ಹಿಡಿದು ನೇರ ನಮ್ಮ ಹಿತ್ತಿಲಿಗೇ ಬರುತ್ತಾನೆ. ಇವರು ದೊಡ್ಡ ಧರ್ಮಾತ್ಮರು, ನಡುವಿನ ತುಂಡುಗಳನ್ನು ಹೆಕ್ಕಿ ಹೆಕ್ಕಿ ಅವನ ಡಬ್ಬಿಗೆ ಹಾಕುತ್ತಾರೆ. ಕೊನೆಗೆ ಉಣ್ಣಲು ಕೂತ ನನಗೆ ಉಳಿಯುವುದು ಬಾಲ. ಮುಳ್ಳು ಹೊಟ್ಟೆ ತುಂಬುವುದಿಲ್ಲ ಎಂದು ಯಾರಿಗೆ ಹೇಳಲಿ?

ಹೋದ ವಾರ ಎರೆಮಣ್ಣಿನ ಕೆಸರಿನಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ರೋಣದ ದವಾಖಾನೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಔಷಧಿಯ ಕಹಿಗೆ ಬಾಯಿ ಕೆಟ್ಟುಹೋಗಿ ಊಟವೇ ಸೇರುತ್ತಿರಲಿಲ್ಲ. ಇವತ್ತು ಮುಂಜಾನೆ ಇವರು ಮೊಳ ಉದ್ದದ ರೋಹು ತಂದು ಕಲ್ಲಿನ ಮೇಲೆ ಒಗೆದು, ಫೋಟೋ ತೆಗೆದು, ಟವೆಲ್ ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗ್ರಿ?" ಎಂದೆ.

"ಜಳಕಕ್ಕ."

"ಮೀನ ಯಾರ ಹಸನ ಮಾಡ್ತಾರ? ನಿಮ್ಮ ಫೋನೇನ?"

ನನ್ನ ಕೈ ನೋಡಿದರು. ಮೀನು ನೋಡಿದರು. "ಬಾಜೂ ಮನಿ ಸಾಬೀರಾನ್ನ ಕರೀಲೇನ?"

"ಆಕಿ ಯಾಕ? ನಿಮಗ ಕೈ ಇಲ್ಲೇನ? ಇವತ್ತ ನೀವ ಮಾಡ್ರಿ. ಮತ್ತ ಇನ್ನೊಂದ ಮಾತ, ನಡುವಿನ ತುಂಡ ನಂಗ ಬೇಕು. ಎಂಟ ದಿನ ಆತು, ಬಾಯಿಗೆ ರುಚಿ ಅನ್ನೂದ ಗೊತ್ತಿಲ್ಲ."

"ಆತ ಬಿಡ, ಮೀನೇನ ಓಡಿ ಹೊಕ್ಕೈತೇನ?" ಎಂದರು. ಮೀನು ಓಡುವುದಿಲ್ಲ, ತೋಟಪ್ಪ ಓಡಿ ಬರುತ್ತಾನೆ. ನನಗೆ ಆ ಮಾತಿನ ಮೇಲೆ ಕವಡೆಯಷ್ಟೂ ನಂಬಿಕೆ ಇರಲಿಲ್ಲ.

ಶುರುವಾಯಿತು ನೋಡಿ. ಈಳಿಗೆ ಬಿಟ್ಟು ಕುಡುಗೋಲು ತಂದರು! ಜೋಳದ ದಂಟು ಹಿಡಿದ ಹಾಗೆ ಎಡಗೈಯಲ್ಲಿ ಮೀನನ್ನು ಬಿಗಿಯಾಗಿ ಹಿಡಿದು, ತಲೆಯಿಂದ ಬಾಲದ ಕಡೆಗೆ ಕುಡುಗೋಲು ಎಳೆದರು. ಒಂದು ಹುರುಪೆಯೂ ಏಳಲಿಲ್ಲ. ಮೀನು ಜಾರಿ ಬಚ್ಚಲಿಗೆ ಬಿತ್ತು.

"ಅಯ್ಯ ನನ್ನ ಶಿವನ! ಬಾಲದಿಂದ ತಲೀ ಕಡೆ ಕೆರೀರಿ! ಮೊದಲ ಬೂದಿ ಹಚ್ರಿ, ಜಾರಂಗಿಲ್ಲ."

"ಮೊದಲ ಹೇಳಬೇಕಿಲ್ಲ?"

"ಇಪ್ಪತ್ತಾರ ವರ್ಷ ನೋಡೀರಲ್ಲ!"

ಎಲ್ಲಿ ನೋಡಿದ್ದರು? ಜಳಕ ಮಾಡುತ್ತಿದ್ದರು. ಬೂದಿ ಹಚ್ಚಿ ಕೆರೆದಾಗ ಹುರುಪೆ ಹಾರಿ ಮೀಸೆಗೆ, ಹುಬ್ಬಿಗೆ ಅಂಟಿದವು. ರೆಕ್ಕೆಯ ಮುಳ್ಳು ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂತು. ಬಟ್ಟೆ ಸುತ್ತಿಕೊಂಡರು, ಬಯ್ದರು, ಮತ್ತೆ ಕೂತರು. ಹೊಟ್ಟೆ ಸೀಳುವಾಗ ನನ್ನ ಜೀವ ಬಾಯಿಗೆ ಬಂತು.

"ಸಾವಕಾಶ್ರೀ! ಒಳಗ ಹಸರ ಪಿತ್ತದ ಚೀಲ ಇರ್ತೈತಿ. ಒಡೀತಂದ್ರ ಮೀನೆಲ್ಲಾ ಕಹಿ, ನಾಯಿಗೂ ಬರಂಗಿಲ್ಲ."

 ಉಸಿರು ಹಿಡಿದು ಎರಡೇ ಬೆರಳು ಒಳಗೆ ಹಾಕಿದರು. ಹೊರಗೆ ತೆಗೆದಾಗ ಅಂಗೈ ಮೇಲೆ ಚೀಲ ಇಡಿಯಾಗಿತ್ತು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, "ನೋಡ, ನೋಡ, ಒಡೆದಿಲ್ಲ!" ಎಂದರು. ಗಾಳಕ್ಕೆ ಮೀನು ಬಿದ್ದ ದಿನವೂ ಇವರ ಮುಖ ಹಾಗೆ ಅರಳಿದ್ದು ನಾನು ಕಂಡಿಲ್ಲ. ನನಗೂ ನಗು ಬಂತು, ತೋರಿಸಲಿಲ್ಲ.

ಮೀನಿಗೆ ನಮ್ಮಲ್ಲಿ ಒಳಗಿನ ಒಲೆ ಇಲ್ಲ, ಹಿತ್ತಿಲಲ್ಲಿ ಮೂರು ಕಲ್ಲು, ಬೇರೆ ಗಡಿಗೆ. ಹೊಗೆ ಕುಡಿದು ಕೆಮ್ಮುತ್ತ ಉಳ್ಳಾಗಡ್ಡಿ ಸುಟ್ಟರು, ಒಣಕೊಬ್ಬರಿ, ಬೆಳ್ಳುಳ್ಳಿ ಅರೆದರು, ಹುಣಸೆರಸ ಬಿಟ್ಟರು. ಚಮಚ ಹಾಕಿ ಕಲಕಲು ಹೋದಾಗ ಮತ್ತೆ ಒದರಿದೆ, "ತುಂಡ ಒಡೀತಾವ್ರಿ! ಗಡಗಿ ಹಿಡದ ತಿರುವ್ರಿ!" ತಿರುವಿದರು. ಸಾರು ಕುದಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಪರಿಮಳ ಬಂದಾಗ, ಎಂಟು ದಿನದ ಮೇಲೆ ನನ್ನ ಬಾಯಲ್ಲಿ ನೀರೂರಿತು.

ಬೇಲಿಯಾಚೆ ಚಪ್ಪಲಿ ಸಪ್ಪಳ. "ಪರಶಪ್ಪಾ, ಸ್ಟೇಟಸ್ ನೋಡೇನಲೇ!" ತೋಟಪ್ಪ ಡಬ್ಬಿಯ ಮುಚ್ಚಳ ದಾರಿಯಲ್ಲೇ ಬಿಚ್ಚಿಕೊಂಡು ಬಂದಿದ್ದ. "ನಡುವಿನ ತುಂಡ ಹಾಕ, ಎಂದಿನಂಗ."

ಇವರ ಕೈ ಸವಟಿನ ಕಡೆ ಹೋಯಿತು. ಹೋಯಿತು ನನ್ನ ತುಂಡು ಎಂದುಕೊಂಡೆ. ಅಳುವೇ ಬಂತು, ಒಂದು ಮೀನಿನ ತುಂಡಿಗೆ.

ಸವಟು ಗಡಿಗೆಯಲ್ಲಿ ಇಳಿಯಿತು. ತೋಟಪ್ಪನ ಡಬ್ಬಿಗೆ ಬಿದ್ದದ್ದು ಬರೀ ಸಾರು, ಜೊತೆಗೆ ಬಾಲ.

"ಇದೇನೋ? ಅಷ್ಟ ದೊಡ್ಡ ಮೀನ ಹಿಡದೀ, ಬಾಲ ಹಾಕ್ತಿಯಲ್ಲ!"

ಇವರು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಅವನ ಮುಖಕ್ಕೆ ಹಿಡಿದರು. "ಒಂದ ಮೀನ ಹಸನ ಮಾಡಾಕ ಎಷ್ಟೊತ್ತ ಬೇಕ ಗೊತ್ತೈತೇನಲೇ ನಿಂಗ? ಡಬ್ಬಿ ಹಿಡಕೊಂಡ ಬರೂದಷ್ಟ ಗೊತ್ತು!"

ನನ್ನ ಮಾತು! ಅಕ್ಷರ ಅಕ್ಷರ ನನ್ನ ಮಾತು. ಇಪ್ಪತ್ತಾರು ವರ್ಷ ನಾನು ಇದೇ ಹಿತ್ತಿಲಲ್ಲಿ ನಿಂತು ಹೇಳಿದ್ದು ಗೋಡೆಗೆ ಹೇಳಿದ ಹಾಗಾಗಿತ್ತು. ಇವರ ಬೆರಳಿಗೆ ಒಂದು ಮುಳ್ಳು ಚುಚ್ಚಿದ್ದೇ ತಡ, ಕಿವಿ ಕೇಳಿಸಿತು. ಖುಷಿಪಡಬೇಕೋ ಗಡಿಗೆ ಎತ್ತಿ ಇವರ ತಲೆಗೆ ಹಾಕಬೇಕೋ ತಿಳಿಯಲಿಲ್ಲ. ತೋಟಪ್ಪ ಗೊಣಗುತ್ತ ಹೋದ.

ಕಟಕ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿ, ನಡುವಿನ ತುಂಡು ಇಟ್ಟರು. ನನ್ನ ಎಡಗೈ ತಡವರಿಸುವುದು ನೋಡಿ, ಪಕ್ಕಕ್ಕೆ ಕೂತು ತಾವೇ ಮುಳ್ಳು ಬಿಡಿಸಿದರು. ಮೀಸೆಯಲ್ಲಿ ಇನ್ನೂ ಒಂದು ಹುರುಪೆ ಮಿನುಗುತ್ತಿತ್ತು.

"ಹ್ಯಾಂಗಾಗೇತಿ?" ಎಂದರು. ತಾವು ಉಣ್ಣದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಉಪ್ಪ ಸ್ವಲ್ಪ ಮುಂದಾಗೇತಿ," ಎಂದೆ. ಆಗಿರಲಿಲ್ಲ. ಇಷ್ಟು ವರ್ಷ ಇವರು ಹೇಳಿದ್ದು ಅದೊಂದೇ ಮಾತು, ಒಂದು ಸಲ ಇವರೂ ಕೇಳಲಿ ಎನಿಸಿತು.

"ಮುಂದಿನ ಸಲ ಕಮ್ಮಿ ಹಾಕ್ತೀನಿ," ಎಂದು ಇನ್ನೊಂದು ತುಂಡಿನ ಮುಳ್ಳು ಬಿಡಿಸತೊಡಗಿದರು.

ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಇದೆ. ಕೈ ಲಗೂ ಕೂಡಲಿ ಎಂದು ದಿನಾ ದೀಪ ಹಚ್ಚಿ ಬೇಡಿಕೊಳ್ಳುತ್ತಿದ್ದೆ. ಇವತ್ತು ಸಂಜೆ ದೀಪ ಮಾತ್ರ ಹಚ್ಚಿದೆ.