ಅಕ್ಕನದೇ ಅನ್ನಿಸಿದ ವಿಳಾಸ

ಕೈತುಂಬ ಕೆಲಸವಿದ್ದಾಗಲೇ ಫೋನು ಟಿಣ್ ಟಿಣ್ ಎನ್ನುವುದು ಯಾರ ಮನೆಯಲ್ಲಿ ಇಲ್ಲ? ಪಿಟೀಲು ತಯಾರಿಸುವ ಒಬ್ಬಾತ ಬೆಳಗ್ಗೆಯೇ ಫೋನಿನ ಬಾಯಿ ಮುಚ್ಚಿಸಿದ್ದ. ಅದರಲ್ಲಿ ಬಂದ ಎಚ್ಚರಿಕೆಯನ್ನು ಓದಿರಲೇ ಇಲ್ಲ.

ಅವನ ಪಿಟೀಲುಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಹೊರದೇಶದವರು. ಅವರು ಬೆಲೆಯನ್ನು ಕ್ರಿಪ್ಟೋ ಟೋಕನ್ ಎಂಬ ಡಿಜಿಟಲ್ ಹಣದಲ್ಲಿ ಕಳಿಸುತ್ತಿದ್ದರು. ಅವನು ಮನೆಖರ್ಚಿಗೆ ಬೇಕಾದಷ್ಟನ್ನು ಪ್ರತಿ ತಿಂಗಳು ಬೇರೆ ಊರಿನಲ್ಲಿರುವ ಅಕ್ಕನ ವಾಲೆಟ್‌ಗೆ ದಾಟಿಸುತ್ತಿದ್ದ. ವಾಲೆಟ್ ಎಂದರೆ ಟೋಕನ್ ಇಡುವ ಡಿಜಿಟಲ್ ಚೀಲ; ಅಂಕಿ-ಅಕ್ಷರ ಬೆರೆತ ಉದ್ದನೆಯ ಸಾಲೇ ಅದರ ವಿಳಾಸ. ಅಕ್ಕ ನಗದು ಮಾಡಿಸಿ ಕಳಿಸುತ್ತಿದ್ದಳು. ಈ ಸಲ ಮಾತ್ರ ಎರಡು ವರ್ಷ ಕೂಡಿಟ್ಟದ್ದನ್ನೆಲ್ಲ ಕಳಿಸಬೇಕಿತ್ತು. ಒಂಬತ್ತು ವರ್ಷದ ಮಗಳ ಕಿವಿಯ ಯಂತ್ರ ಹಳತಾಗಿ, ಮಗು ಮಾತು ಕೇಳಿಸಿಕೊಳ್ಳುವುದಕ್ಕಿಂತ ತುಟಿ ನೋಡಿ ಊಹಿಸುವುದೇ ಹೆಚ್ಚಾಗಿತ್ತು. ಹೊಸ ಯಂತ್ರ ಅಕ್ಕನ ಊರಿನ ಆಸ್ಪತ್ರೆಗೆ ಬಂದಿತ್ತು. ಸಂಜೆಯೊಳಗೆ ಹಣ ಕಟ್ಟಬೇಕು.

ಕಳಿಸಲೆಂದು ಫೋನು ಕೈಗೆತ್ತಿಕೊಂಡಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಹೆಂಡತಿಯ ಕರೆ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು.

"ರೀ, ಕಳಿಸಿಬಿಟ್ರಾ?"

"ಬೆರಳು ಒತ್ತೋದೊಂದೇ ಬಾಕಿ."

"ಒತ್ತಬೇಡಿ! ಕಾವಲುಗಾರ ಏನೋ ಹೇಳ್ತಿದೆ."

"ಶುರುವಾಯ್ತಾ ಅದರ ಪಿಟೀಲು! ಮಾಡೋನು ನಾನು, ಕುಯ್ಯೋದು ಅದು."

ಕಾವಲುಗಾರ ಎಂದರೆ ಅವಳು ಎರಡು ತಿಂಗಳ ಹಿಂದೆ ಹಾಕಿಸಿದ್ದ ಎಐ ಏಜೆಂಟ್. ವಾಲೆಟ್‌ಗೆ ಏನು ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದು ತಾನಾಗಿಯೇ ಗಮನಿಸುತ್ತಿತ್ತು. ಮನೆಯವರ ರೂಢಿಗೆ ಹೊಂದದ್ದು ಕಂಡರೆ ಇಬ್ಬರ ಫೋನಿಗೂ ಸರಳ ಮಾತಿನಲ್ಲಿ ಬರೆದು ಕಳಿಸುತ್ತಿತ್ತು.

"ಹೋದ ತಿಂಗಳು ಹೊಸ ಗಿರಾಕಿ ಹಣ ಕಳಿಸಿದ್ದಕ್ಕೂ ಬೊಬ್ಬೆ ಹೊಡೆದಿತ್ತು. ಮೂರು ಸಲ ಸುಮ್ಮನೆ ಹೆದರಿಸಿದೆ," ಎಂದ ಅವನು.

"ಹೆದರಿ ನಿಮ್ಮದು ಏನು ಹೋಯ್ತು? ಇವತ್ತಿನದು ಓದ್ತೀನಿ, ಕೇಳಿ. 'ಇಂದು ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಅಪರಿಚಿತ ವಿಳಾಸವೊಂದರ ಸೊನ್ನೆ ಮೊತ್ತದ ವರ್ಗಾವಣೆ ಸೇರಿದೆ. ಆ ವಿಳಾಸದೊಡನೆ ನೀವು ಎಂದೂ ವ್ಯವಹರಿಸಿಲ್ಲ. ಆದರೆ ಅದರ ಎರಡು ತುದಿಗಳು ನೀವು ಪ್ರತಿ ತಿಂಗಳು ಕಳಿಸುವ ವಿಳಾಸದಂತೆಯೇ ಇವೆ. ನನ್ನ ಊಹೆ ತಪ್ಪಿರಬಹುದು. ಕಳಿಸುವ ಮುನ್ನ ಪರೀಕ್ಷಿಸಿ.'"

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ? ಏನೂ ಇಲ್ಲದ್ದಕ್ಕೆ ಹೆದರೋದಾ?"

"ನಿಮ್ಮಕ್ಕನ ವಿಳಾಸ ಎಲ್ಲಿಂದ ತಗೊಂಡ್ರಿ?"

"ಹಳೇ ಪಟ್ಟಿಯಿಂದ. ಮೇಲೇ ಇತ್ತು. ಮೊದಲ ನಾಲ್ಕು, ಕೊನೇ ನಾಲ್ಕು ನೋಡ್ಕೊಂಡೇ ಕಾಪಿ ಮಾಡಿದ್ದು. ನಾನೇನು ದಡ್ಡನಾ?"

"ಮಧ್ಯದ್ದು?"

"ಮಧ್ಯ ಬರೀ ಚುಕ್ಕಿ ತೋರಿಸುತ್ತೆ. ಅಷ್ಟುದ್ದ ಯಾರೇ ಓದ್ತಾರೆ?"

"ನಮ್ಮ ಲ್ಯಾಬಲ್ಲಿ ಓದ್ತೀವಿ. ರಕ್ತದ ಟ್ಯೂಬಿನ ನಂಬರನ್ನ ತುದಿ ನೋಡಿ ಬಿಟ್ಟರೆ ನಿಮ್ಮ ಸಕ್ಕರೆ ಕಾಯಿಲೆ ಇನ್ಯಾರದೋ ತಲೆಗೆ ಬೀಳುತ್ತೆ. ಅತ್ತಿಗೆಗೇ ಫೋನ್ ಮಾಡಿ, ಅವರ ಬಾಯಿಂದಲೇ ಕೇಳಿ."

ಗೊಣಗುತ್ತಲೇ ಅವನು ಅಕ್ಕನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಕಾಪಿ ಮಾಡಿದ್ದ ವಿಳಾಸವನ್ನು ಪರದೆಯ ಮೇಲೆ ಪೂರ್ತಿ ತೆರೆದಿಟ್ಟ.

"ನಿನ್ನ ವಿಳಾಸ ಓದೇ ಅಕ್ಕಾ, ಪೂರ್ತಿ."

"ಪೂರ್ತಿನಾ? ಏನೋ ನಿಂದು, ಹೊತ್ತಲ್ಲದ ಹೊತ್ತಲ್ಲಿ! ತಡಿ, ಕನ್ನಡಕ ಹಾಕ್ಕೋತೀನಿ."

ಅವನು ಮರದ ಚೂರೊಂದರ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳತೊಡಗಿದ. ಏಳು, ಬಿ, ಎರಡು, ಎಫ್. ಫೋನಿನಲ್ಲೂ ಅದೇ. ಸುಮ್ಮನೆ ಹೊತ್ತು ಹೋಯಿತು ಎಂದುಕೊಂಡ.

"ಡಿ," ಎಂದಳು ಅಕ್ಕ.

ಫೋನಿನಲ್ಲಿ ಆರು ಇತ್ತು.

"ಇನ್ನೊಂದ್ಸಲ ಹೇಳು."

"ಡಿ ಕಣೋ. ಆಮೇಲೆ ಎಂಟು."

ಅಲ್ಲಿಂದ ಮುಂದೆ ಆಕಸ್ಮಿಕವಾಗಿ ಒಂದೆರಡು ಕೂಡಿದ್ದು ಬಿಟ್ಟರೆ ಯಾವುದೂ ಕೂಡಲಿಲ್ಲ. ಕೊನೆಯ ನಾಲ್ಕು ಬಂದಾಗ ಮತ್ತೆ ಅಚ್ಚು ಹೊಡೆದಂತೆ ಒಂದೇ. ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬೆರಳುಗಳನ್ನು ಅದರಿಂದ ದೂರ ಸರಿಸಿದ.

ಅವನಿಂದ ವಿಷಯ ತಿಳಿದ ಹೆಂಡತಿ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೇ ಬಂದಳು.

"ಯಾರು ಯಾರಿಗೆ ಕಳಿಸಿದ್ರು ಅನ್ನೋದು ಈ ಟೋಕನ್ ವ್ಯವಹಾರದಲ್ಲಿ ಎಲ್ಲರಿಗೂ ಕಾಣುತ್ತೆ. ನೀವು ಅತ್ತಿಗೆಗೆ ಕಳಿಸೋದನ್ನ ಯಾರೋ ನೋಡಿದ್ದಾರೆ. ಕಂಪ್ಯೂಟರಿನಿಂದ ತುದಿ ಹೋಲುವ ವಿಳಾಸ ಹುಟ್ಟಿಸಿ, ಅದರಿಂದ ಸೊನ್ನೆ ಕಳಿಸಿ, ನಿಮ್ಮ ಪಟ್ಟಿಯ ತಲೆ ಮೇಲೆ ಕೂರಿಸಿದ್ದಾರೆ. ಬೀಗ ಒಡೆದಿಲ್ಲ. ನಿಮ್ಮ ಕೈಯಿಂದಲೇ ಕೊಡಿಸಿಕೊಳ್ಳೋ ಉಪಾಯ."

"ಒತ್ತಿಬಿಟ್ಟಿದ್ರೆ?"

"ವಾಪಸ್ ಕೇಳೋಕೆ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ."

ಅವನು ಮೇಜಿನ ಮೇಲಿದ್ದ ಫೋನನ್ನು ಇನ್ನೂ ಸ್ವಲ್ಪ ದೂರ ತಳ್ಳಿದ. ಆಮೇಲೆ ಕೇಳಿದ: "ಸರಿ, ಆ ಕಾವಲುಗಾರನೇ ಕಳ್ಳನಾದ್ರೆ?"

"ಒಳ್ಳೇ ಪ್ರಶ್ನೆ. ಅದಕ್ಕೆ ಕೊಟ್ಟಿರೋದು ನಮ್ಮ ವಿಳಾಸ ಮಾತ್ರ. ವಾಲೆಟ್‌ನ ಬೀಗದ ಕೈಯಂತಿರೋ ಗುಟ್ಟಿನ ಹನ್ನೆರಡು ಪದ ಕೊಟ್ಟಿಲ್ಲ. ಕಿಟಕಿಯಿಂದ ನೋಡಬಹುದು, ಬಾಗಿಲು ತೆಗೆಯೋಕಾಗಲ್ಲ. ಆ ಪದ ಕೇಳೋ ಸಾಧನ ಬಂದ್ರೆ, ಹಾಗೇ ಆಚೆ ಕಳಿಸಿ."

ಅಕ್ಕ ಸಂದೇಶದಲ್ಲಿ ಕಳಿಸಿದ ವಿಳಾಸವನ್ನು ಇಬ್ಬರೂ ಮರದ ಚೂರಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡಿ, ವಾಲೆಟ್‌ನಲ್ಲಿ ಅವಳ ಹೆಸರಿನಲ್ಲೇ ಉಳಿಸಿಟ್ಟರು. ಮೊದಲು ತೀರ ಸಣ್ಣ ಮೊತ್ತ ಕಳಿಸಿದರು.

"ಬಂತು ಕಣೋ, ಚಿಲ್ಲರೆ! ಇಷ್ಟೇನಾ ಅಕ್ಕನ ಮೇಲಿನ ಪ್ರೀತಿ?"

"ಉಳಿದ ಪ್ರೀತಿ ಈಗ ಬರುತ್ತೆ, ತಡಿ."

ಉಳಿದದ್ದೆಲ್ಲ ಕೈಸೇರಿದ ಮೇಲೆ ಅಕ್ಕ ಹಣ ಕಟ್ಟಿ, ನಾಲ್ಕು ಗಂಟೆಗೆ ಆಸ್ಪತ್ರೆಯ ರಸೀದಿಯ ಚಿತ್ರ ಕಳಿಸಿದಳು. ಶಾಲೆಯಿಂದ ಬಂದ ಮಗಳಿಗೆ ಅವನು ಅದನ್ನು ತೋರಿಸಿದ. ಅವಳು ಎರಡು ಸಲ ಓದಿ, ಅಪ್ಪನ ತುಟಿಯನ್ನೇ ನೋಡುತ್ತ ಕೇಳಿದಳು: "ಬರೋ ವಾರ ನೀನು ಆ ಕಡೆ ತಿರುಗಿಕೊಂಡು ಮಾತಾಡಿದ್ರೂ ಕೇಳುತ್ತಾ?"

"ಕೇಳುತ್ತೆ ಪುಟ್ಟಿ."

ಅಂದೇ ಅವನು ಅಕ್ಕನ ವಾಲೆಟ್‌ಗೂ ಅಂಥದೊಂದು ಕಾವಲು ಹಾಕಿಸಿದ.

ಓದುಗರೇ, ನಿಮ್ಮ ಮನೆಯಲ್ಲೂ ಯಾರಾದರೂ ಟೋಕನ್ ಕಳಿಸುವವರಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಎಚ್ಚರಿಕೆ ಕೊಡುವ ಸಾಧನ ಬಳಸಿ, ಆ ಎಚ್ಚರಿಕೆ ಇಬ್ಬರಿಗೆ ಹೋಗುವಂತೆ ಮಾಡಿ. ಅದು ತಪ್ಪಬಹುದು, ಕೆಲವೊಮ್ಮೆ ಸುಮ್ಮನೂ ಇರಬಹುದು. ಆದ್ದರಿಂದ ಪರೀಕ್ಷಿಸುವ ಕೆಲಸ ನಿಮ್ಮದೇ. ಹಳೆಯ ಪಟ್ಟಿಯಿಂದ ವಿಳಾಸ ಎತ್ತಿಕೊಳ್ಳಬೇಡಿ. ಗುಟ್ಟಿನ ಪದಗಳನ್ನು ಯಾವ ಸಾಧನಕ್ಕೂ, ಯಾವ ಮನುಷ್ಯನಿಗೂ ಹೇಳಬೇಡಿ. ನೀವು ಹೆಚ್ಚಾಗಿ ಕಳಿಸುವ ವಿಳಾಸವನ್ನು ಇವತ್ತೇ ಅದರ ಒಡೆಯರಿಂದ ಕೇಳಿ ಪಡೆಯಿರಿ. ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಅಕ್ಷರದಿಂದ ಕೊನೆಯದರವರೆಗೆ, ಗಟ್ಟಿಯಾಗಿ ಓದಿ.