ಬಿಂದುವಿನ ಎಡಗಿವಿಯ ಪಕ್ಕದಲ್ಲಿ ನಾನು

“ಇಷ್ಟು ಪುಟ್ಟ ಮುಖಕ್ಕೆ ಕೀಲು ಕೂರಿಸೋದು ಹೇಗಪ್ಪಾ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎಂಜಿನಿಯರ್ ಸುಮುಖ ಕಂಪ್ಯೂಟರಿನ ಪರದೆಯ ಮೇಲೆ ಎಳೆಯ ತಲೆಬುರುಡೆಯೊಂದನ್ನು ಆಚೆ ಈಚೆ ತಿರುಗಿಸುತ್ತ ಗಾಳಿಯನ್ನೇ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ನಾನು. ನಾನು ಒಂದು ಕೃತಕ ದವಡೆ ಕೀಲು. ನನ್ನ ಮೈ ಲೋಹದ್ದು, ತಲೆ ನುಣುಪಾದ ಗುಂಡು. ಆ ಗುಂಡು ಕೂತು ಜಾರಲು ಗಟ್ಟಿ ಪ್ಲಾಸ್ಟಿಕ್ಕಿನ ಪುಟಾಣಿ ಬಟ್ಟಲೊಂದು ನನ್ನ ಜೊತೆಗಾರ.

ಅಂಗಡಿಯಲ್ಲಿ ಸಾಲಾಗಿ ಕೂತು ಗಿರಾಕಿಗೆ ಕಾಯುವ ಜಾತಿ ನನ್ನದಲ್ಲ. ಲೋಕದಲ್ಲಿ ಒಂದೇ ಒಂದು ಮುಖಕ್ಕೆ ಒಪ್ಪುವಂತೆ ನನ್ನನ್ನು ಕೊರೆದರು, ಉಜ್ಜಿದರು, ಹೊಳಪಿಟ್ಟರು. ಪೊಟ್ಟಣದ ಮೇಲೆ ಬರೆದಿತ್ತು: ಬಿಂದುಶ್ರೀ, ಹರಿಹರ, ಎಡಬದಿ. ಎಂಥ ಹಿಗ್ಗು ನನಗೆ! ಹುಟ್ಟಿದ ದಿನವೇ ಸೇರುವ ಮನೆ ಗೊತ್ತಾಗಿತ್ತು.

ಬಿಂದು ಏಳನೆಯ ತರಗತಿಯ ಹುಡುಗಿ. ಮಗುವಾಗಿದ್ದಾಗ ಮೆಟ್ಟಿಲಿನಿಂದ ಜಾರಿ ಗದ್ದ ಬಡಿದುಕೊಂಡಿದ್ದಳು. ಹೊರಗಿನ ಗಾಯ ಮಾಗಿತು. ಒಳಗೆ ದವಡೆಯ ಮೂಳೆ ತಲೆಯ ಮೂಳೆಗೆ ಬೆಸೆದುಕೊಂಡು ಬಾಯಿ ಮುಚ್ಚಿಯೇ ಹೋಯಿತು. ಹಲ್ಲಿನ ಸಂದಿಯಲ್ಲಿ ಗಂಜಿ ಹೀರುತ್ತ ಬೆಳೆದಳು. ಅವಳದೇ ಪಕ್ಕೆಲುಬಿನ ತುಂಡಿಟ್ಟು ಒಮ್ಮೆ ಬಿಡಿಸಿ ನೋಡಿದ್ದರು, ಅದೂ ಬೆಸೆದುಕೊಂಡಿತ್ತು.

“ಬೆಳೆಯೋ ಮಕ್ಕಳಿಗೆ ಇಂಥದ್ದು ಹಾಕೋಕೆ ನಾವು ಹಿಂದೆಮುಂದೆ ನೋಡ್ತೀವಿ,” ಎಂದು ಸರ್ಜನ್ ಬಿಂದುವಿನ ಅಜ್ಜಿ ಹಾಲಮ್ಮನಿಗೆ ಹೇಳುವಾಗ ನಾನು ಮೇಜಿನ ಮೇಲೆಯೇ ಇದ್ದೆ. “ಮಗು ಬೆಳೆಯುತ್ತೆ, ಇದು ಬೆಳೆಯಲ್ಲ. ಮುಂದೆ ಬದಲಾಯಿಸಬೇಕಾಗಬಹುದು. ಆದರೆ ಈಗ ಬೇರೆ ದಾರಿ ಇಲ್ಲ.”

“ನಮ್ ಕೂಸು ರೊಟ್ಟಿ ಕಡೀತಾಳೇನ್ರಿ?”

“ಕಡೀತಾಳೆ. ನಿಮ್ಮನ್ನ ಬಾಯ್ತುಂಬ ಬೈತಾಳೆ ಕೂಡ.”

“ಬೈಲಿ ಬಿಡ್ರಿ ಸಾರ್! ಎಷ್ಟ್ ಬೈತಾಳೋ ಬೈಲಿ!”

ನನ್ನನ್ನು ತಿರುಪುಗಳಿಂದ ಬಿಗಿದು, ಮತ್ತೆ ಮೂಳೆ ಬೆಳೆಯದಿರಲೆಂದು ಅವಳ ಹೊಟ್ಟೆಯ ಕೊಬ್ಬನ್ನೇ ಸುತ್ತ ಮೆತ್ತೆಯಂತೆ ಇಟ್ಟರು. ಎಂಥ ಜಾಗ ಅದು! ಕಿವಿಯ ಪಕ್ಕದ ಮನೆ. ಅವಳು ಕೇಳಿದ್ದೆಲ್ಲ ನನಗೂ ಕೇಳುತ್ತಿತ್ತು.

ಮೊದಲು ಕೇಳಿದ್ದು ಬಾಯಿಯ ವ್ಯಾಯಾಮ ಮಾಡಿಸುವ ತಸ್ನೀಮಳ ದನಿ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಂದುವಿನ ಹಲ್ಲುಗಳ ನಡುವೆ ತೂರಿಸುತ್ತ ಆಕೆ ಹೇಳಿದಳು: “ದಿನಾ ಒಂದೊಂದು ಕಡ್ಡಿ ಜಾಸ್ತಿ ಆಗ್ಬೇಕು. ಹಾಡು, ಆಕಳಿಸು, ಜಗಳ ಆಡು. ಸುಮ್ಮನಿದ್ರೆ ಸುತ್ತಲಿನ ಮಾಂಸ ಬಿಗಿದು ಬಾಯಿ ಮತ್ತೆ ಮುಚ್ಕೊಳ್ಳುತ್ತೆ.”

ನಾನಂತೂ ಜಾರಲು ತುದಿಗಾಲಲ್ಲಿದ್ದೆ. ಆದರೆ ಮನೆಗೆ ಬಂದ ಮೇಲೆ ಗೊತ್ತಾಯಿತು, ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು ಹಾಲಮ್ಮ ಹರಕೆ ಹೊತ್ತಿದ್ದರು: ಕೂಸು ಬದುಕಿ ಹೊರಗೆ ಬಂದರೆ ಹುಣ್ಣಿಮೆಯವರೆಗೆ ಅವಳಿಂದ ಮೌನವ್ರತ ಮಾಡಿಸುತ್ತೇನೆ.

“ಮಾತಾಡಬ್ಯಾಡವ್ವ. ದೇವ್ರಿಗಿಂತ ಐಸ್‌ಕ್ರೀಮ್ ಕಡ್ಡಿ ದೊಡ್ಡದೇನು?”

ಕಡ್ಡಿ ಇಟ್ಟರೆ ನೋಯುತ್ತದೆ, ಮೌನಕ್ಕೆ ನೋವಿಲ್ಲ. ಬಿಂದು ಖುಷಿಯಿಂದಲೇ ಒಪ್ಪಿದಳು. ನಾನು ಬಟ್ಟಲಲ್ಲಿ ಕದಲದೆ ಕೂತೆ. ಸುತ್ತಲಿನ ಮಾಂಸ ದಿನದಿನಕ್ಕೆ ಹಗ್ಗದ ಹಾಗೆ ಬಿಗಿಯಿತು. ಸಂಜೆ ಜಗಲಿಯಲ್ಲಿ ಹಾಲಮ್ಮ ಪದ್ಯ ಹೇಳುತ್ತಿದ್ದರು. ಓದು ಬಾರದ ಹೆಂಗಸು, ಆದರೆ ತಂದೆಯ ಕಾವ್ಯವಾಚನ ಕೇಳಿ ಕೇಳಿ ಯುದ್ಧದ ಭಾಗವೆಲ್ಲ ಬಾಯಿಪಾಠ. ಓಣಿಯ ಜನ ಕೂಡುತ್ತಿದ್ದರು. ಬಿಂದು ತುಟಿ ಬಿಗಿದು ಕೇಳುತ್ತಿದ್ದಳು. ಅವಳೊಳಗೆ ಪ್ರತಿ ಪದವೂ ಗಂಟಲವರೆಗೆ ಬಂದು ಹಿಂತಿರುಗುವುದು ನನಗೆ ತಿಳಿಯುತ್ತಿತ್ತು.

ಮರುತಪಾಸಣೆಯ ದಿನ ತಸ್ನೀಮ್ ಕಡ್ಡಿ ತೂರಿಸಲು ನೋಡಿದಳು. ಹೋದ ಸಲ ಹಿಡಿದಷ್ಟೂ ಹಿಡಿಯಲಿಲ್ಲ.

“ಅಜ್ಜೀ, ಏನ್ಮಾಡಿದ್ರಿ? ಇನ್ನೊಂದಿಷ್ಟು ದಿನ ಹಿಂಗೇ ಬಿಟ್ರೆ ಈ ಆಪರೇಷನ್ನೂ ನೀರಲ್ಲಿ ಹೋಮ.”

ಹಾಲಮ್ಮ ಹರಕೆಯ ಕಥೆ ಹೇಳಿದರು. ತಸ್ನೀಮ್ ನಗಲಿಲ್ಲ, ಬೈಯಲೂ ಇಲ್ಲ. “ನಮ್ಮಮ್ಮನೂ ಹರಕೆ ಹೊರ್ತಾರೆ ಅಜ್ಜಿ. ಆದ್ರೆ ಉಪವಾಸ ಅವರೇ ಇರ್ತಾರೆ,” ಎಂದಷ್ಟೇ ಹೇಳಿ ಕಡ್ಡಿಗಳನ್ನು ತೊಳೆಯಲು ಹೋದಳು.

ಬರುವಾಗ ಆಟೋದಲ್ಲಿ ಹಾಲಮ್ಮ ಬಿಂದುವಿನ ಗದ್ದ ಹಿಡಿದರು. “ಹರಕಿ ಹೊತ್ತಿದ್ದು ನನ್ನ ಬಾಯಿ. ತೀರಿಸಾದೂ ಅದೇ. ಇವತ್ತಿಂದ ಹುಣ್ಣಿಮಿ ತನಕ ನಾ ಮಾತಾಡಲ್ಲ. ಜಗಲಿ ಮ್ಯಾಲೆ ಪದ್ಯ ನೀ ಹೇಳ್ಬೇಕು.”

ಅಲ್ಲಿಗೆ ಅವರ ಮಾತು ನಿಂತಿತು.

ಸಂಜೆ ಜನ ಬಂದರು. ಹಾಲಮ್ಮ ಮೊಮ್ಮಗಳತ್ತ ಬೆರಳು ತೋರಿಸಿದರು. ಬಿಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಜೊಲ್ಲು ಸೋರಿತು, ‘ರಥ’ ಎಂಬುದು ಹಲ್ಲಲ್ಲೇ ಸಿಕ್ಕಿಕೊಂಡಿತು. ಆದರೆ ನಾನು ಜಾರಿದೆ! ಕೂದಲೆಳೆಯಷ್ಟು, ಆದರೂ ಜಾರಿದೆ!

ಎದುರುಮನೆಯ ಟೈಲರ್ ಚನ್ನಪ್ಪ ಕಿಚಾಯಿಸಿದ: “ಏನ್ ಕೂಸೇ, ರಥ ಹೊಂಟೈತೋ, ಎತ್ತಿನಗಾಡಿ ಹೊಂಟೈತೋ?”

“ನಿನ್ ಹೊಲಿಗಿ ಮಿಷಿನ್ ಹೊಂಟೈತಿ ಮಾಮಾ!”

ಜಗಲಿ ತುಂಬ ನಗು. ಆ ನಗುವಿಗೆ ಬಿಂದುವೂ ನಕ್ಕಳು, ನಾನು ಮತ್ತೊಂದು ಚೂರು ಜಾರಿದೆ.

ಅಲ್ಲಿಂದ ನಮ್ಮ ದಿನಗಳೇ ಬೇರೆ. ಬೆಳಿಗ್ಗೆ ಕಡ್ಡಿ, ಕಣ್ಣೀರು. ಸಂಜೆ ಪದ್ಯ. ತಪ್ಪು ಹೇಳಿದರೆ ಹಾಲಮ್ಮ ನೆಲ ತಟ್ಟುವರು, ಸರಿಯಾದರೆ ಕಣ್ಣು ಮುಚ್ಚಿ ತಲೆದೂಗುವರು. ಒಂದು ಸಂಜೆ ಬಾಣಗಳ ಮಳೆ ಸುರಿಯುವ ಪದ್ಯದ ಕೊನೆಯಲ್ಲಿ ದೀರ್ಘವಾದ ‘ಆ’ ಬಂತು. ಬಿಂದು ಅದನ್ನು ಎಳೆದಳು. ನಾನು ಬಟ್ಟಲಿನ ಅಂಚಿನವರೆಗೆ ಓಡಿ ಬಂದೆ! ಚನ್ನಪ್ಪ ಕಿಚಾಯಿಸುವುದನ್ನೇ ಮರೆತ.

ನನ್ನ ಆಯುಷ್ಯ ನನಗೆ ಗೊತ್ತು. ಅವಳು ಉದ್ದವಾಗುತ್ತಾಳೆ, ನಾನು ಗಿಡ್ಡನಾಗಿಯೇ ಉಳಿಯುತ್ತೇನೆ. ಗದ್ದ ಓರೆಯಾದರೆ ಉದ್ದದ ಇನ್ನೊಂದು ಕೀಲು ಬರುತ್ತದೆ, ನಾನು ಸ್ಟೀಲ್ ತಟ್ಟೆಗೆ ಇಳಿಯುತ್ತೇನೆ. ಇಳಿಯುತ್ತೇನೆ ಬಿಡಿ! ಅಷ್ಟರೊಳಗೆ ಎಷ್ಟು ರೊಟ್ಟಿ, ಎಷ್ಟು ಜಗಳ, ಎಷ್ಟು ಪದ್ಯ! ಲೋಹಕ್ಕೆ ಪುಣ್ಯವೆಂಬುದು ಇರುವುದಾದರೆ ಅದು ಸವೆಯುವುದರಲ್ಲೇ ಇದೆ.

ಹುಣ್ಣಿಮೆ ಕಳೆದ ಮರುಸಂಜೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಲಮ್ಮನ ವ್ರತ ಮುಗಿದಿತ್ತು, ಇಂದು ಅವರ ಕಂಠ ಕೇಳಬಹುದೆಂದು ಎಲ್ಲರೂ ಬಂದಿದ್ದರು. ಬಿಂದು ಅಂಗೈಯಿಂದ ನನ್ನನ್ನು ಒತ್ತಿ ಹಿಡಿದಿದ್ದಳು. ತಸ್ನೀಮ್ ಹೇಳಿದಷ್ಟು ಕಡ್ಡಿ ಇನ್ನೂ ಹಿಡಿಯುತ್ತಿರಲಿಲ್ಲ.

“ಅಜ್ಜೀ, ದವಡಿ ಭಾಳ ನೋಯ್ತೈತಿ. ನಿನ್ ವ್ರತ ಮುಗೀತಲ್ಲ, ಇನ್ಮ್ಯಾಲಿಂದ ನೀನೇ ಹೇಳು. ಕೈ ಮುಗೀತೀನಿ.”

ಹಾಲಮ್ಮ ಅವಳ ಮುಖವನ್ನೇ ನೋಡಿದರು. ಹಿಂದೆ ಸರಿದು, ಕೇಳಲು ಬಂದವರ ಸಾಲಿನಲ್ಲಿ ಚಕ್ಕಂಬಕ್ಕಲ ಹಾಕಿ ಕೂತರು. ಅಷ್ಟು ದಿನಗಳ ಮೇಲೆ ಅವರ ಬಾಯಿಂದ ಮೊದಲ ಮಾತು ಹೊರಟಿತು.

“ಒಲ್ಲೆ.”